ಏಳು ಹತ್ತರ ಗಿರಿಜಾ

ಸೋಮವಾರ, ಬೆಳಗ್ಗೆ ಆರೂವರೆ. ಹಾಜರಿದ್ದವರು ನಾನು, ಮೊಮ್ಮಗಳು ಮೇಧಾ, ರಕ್ತ ತೆಗೆಯಲು ಲ್ಯಾಬಿನಿಂದ ಬಂದ ಹೊಸ ಹೆಂಗಸು. ಸಮಯಕ್ಕೆ ಸರಿಯಾಗಿ ಬಂದಳು, ಡಾಕ್ಟರ ಚೀಟಿಯನ್ನು ಓದದೆ ಚುಚ್ಚಿದಳು, ಹೊರಟಳು. ತಪ್ಪೇನೂ ಇಲ್ಲ. ಆದರೂ ಸಿಟ್ಟು ಬಂತು.

ಮೊದಲು ಇದೇ ಕೆಲಸಕ್ಕೆ ಬರುತ್ತಿದ್ದ ಗಿರಿಜಾ ಒಂದು ದಿನವೂ ಹೇಳಿದ ಹೊತ್ತಿಗೆ ಬಂದವಳಲ್ಲ. ಆರೂವರೆ ಎಂದರೆ ಏಳು ಹತ್ತು. ಹೆಲ್ಮೆಟ್ ನಮ್ಮ ಊಟದ ಮೇಜಿನ ಮೇಲೆ. ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದ ನನಗೆ ತಲೆ ಕೆಡುತ್ತಿತ್ತು.

"ಬನಶಂಕರೀಲಿ ಒಬ್ಬರು ತಾತ, ನರಾನೇ ಸಿಗ್ಲಿಲ್ಲ ಆಂಟಿ. ಮೊದ್ಲು ನೀರು ಕೊಡಿ, ಆಮೇಲೆ ಬೈಯೋರಂತೆ."

ಅದೂ ಸಾಲದೆಂದು, ಹಳೆಯ ರಿಪೋರ್ಟುಗಳನ್ನೆಲ್ಲ ಓದುವ ಚಟ ಬೇರೆ.

ಮೇಧಾಳಿಗೆ ಆಗ ಏಳು ವರ್ಷ, ಬೆಳವಣಿಗೆ ಐದರದ್ದು. ಹೊಟ್ಟೆ ಉಬ್ಬರ, ಭೇದಿ, ಜೊತೆಗೆ ಪದೇ ಪದೇ ಕಿವಿ ಸೋರುವುದು. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯೇನೋ ಎಂದು ಪರೀಕ್ಷೆ ಮಾಡಿಸಿದ್ದೆವು. ಇಲ್ಲ ಎಂದು ಬಂದಿತ್ತು. ಅದನ್ನು ಫೈಲಿಗೆ ಹಾಕಿ, ಸಂಜೆ ಏಳಕ್ಕೆ ಎರಡು ಚಪಾತಿ ಎಂದು ನಾನೇ ನಿಯಮ ಮಾಡಿದೆ. ಅತ್ತರೂ ತಟ್ಟೆ ಖಾಲಿಯಾಗುವವರೆಗೆ ಏಳಗೊಡುತ್ತಿರಲಿಲ್ಲ.

ಒಂದು ದಿನ ಗಿರಿಜಾ ಆ ಫೈಲು ಹಿಡಿದು ನಿಂತುಬಿಟ್ಟಳು.

"ಇದು ಸಾಲದು ಆಂಟಿ."

"ಇಲ್ಲ ಅಂತ ಅಚ್ಚಾಗಿದೆಯಲ್ಲ!"

"ಐಜಿಎ ಅಂತ ಮೈಯಲ್ಲಿ ಒಂದು ಕಾವಲು ಇರತ್ತೆ. ಅದು ದೂರು ಕೊಟ್ಟಿದ್ಯಾ ಅಂತಷ್ಟೇ ನೋಡಿದಾರೆ. ಕೆಲವು ಮಕ್ಕಳಿಗೆ ಆ ಕಾವಲೇ ಇರಲ್ಲ. ವಾಚ್‌ಮನ್ನೇ ಇಲ್ದಿದ್ರೆ ಕಳ್ಳ ಬಂದ ಅಂತ ಹೇಳೋರ್ಯಾರು? ಕಿವಿ ಬೇರೆ ಸೋರತ್ತೆ. ಐಜಿಎ ಎಷ್ಟಿದೆ ಅಂತ ನೋಡ್ಬೇಕಾ, ಡಾಕ್ಟರ್‌ನ ಕೇಳಿ."

"ನೀನೇನು ಡಾಕ್ಟರಾ?"

"ಅಲ್ಲ. ಅದಕ್ಕೇ ಕೇಳಿ ಅಂದಿದ್ದು."

ಕೇಳಿದೆವು. ಐಜಿಎ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಬಗೆಯ ಪರೀಕ್ಷೆ ಮಾಡಿ, ಕರುಳನ್ನೂ ನೋಡಿದ ಮೇಲೆ ಡಾಕ್ಟರು ಸೀಲಿಯಾಕ್ ಎಂದೇ ಹೇಳಿದರು. ವರ್ಷವಿಡೀ ಮಗುವಿಗೆ ನಾನು ಗೋಧಿಯನ್ನೇ ತಿನ್ನಿಸಿದ್ದೆ.

ಗಿರಿಜಾ ಕೊನೆಯ ಸಲ ಬಂದದ್ದೂ ಏಳು ಹತ್ತಕ್ಕೇ. ತಲಘಟ್ಟಪುರಕ್ಕೆ ಮನೆ ಬದಲಾಯಿಸುತ್ತಿದ್ದಳು. ಇನ್ನು ಈ ಕಡೆಯ ಮನೆಗಳು ಬೇರೆಯವರಿಗೆ.

"ಬಲವಂತ ಮಾಡಿ ತಿನ್ನಿಸಿದೆ ಕಣಮ್ಮ," ಎಂದೆ.

"ಗೊತ್ತಿಲ್ದೆ ತಾನೇ? ಎಲ್ಲಿ, ಹಿಂಗಿನ ಡಬ್ಬಿ ತೋರ್ಸಿ." ಹಿಂದಿನ ಸಣ್ಣಕ್ಷರ ಓದಿದಳು. "ನೋಡಿ, ಇದ್ರಲ್ಲೂ ಮೈದಾ! ದಿನಾ ಸಾರಿಗೆ ಹಾಕ್ತಿದೀರಲ್ಲ ಆಂಟಿ. ಇದೇನಾ ನಿಮ್ಮ ಶಿಸ್ತು?"

ಹೆಲ್ಮೆಟ್ ಮರೆತು ಹೋಗಿ, ಮತ್ತೆ ಬಂದು ಒಯ್ದಳು.

ಈ ಸೋಮವಾರ ಹೊಸಬಳು ಹೋದ ಮೇಲೆ, ಅವಳು ಓದದ ಚೀಟಿಯನ್ನು ಹಳೆಯ ರಿಪೋರ್ಟುಗಳ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನಾನೇ ಓದಿದೆ. ಮುಗಿದಾಗ ಗಡಿಯಾರ ನೋಡಿದೆ. ಏಳು ಹತ್ತು.