ಗುರುತು ಅಳಿಸಿದ ಹಾಡುಗಳು

ನನ್ನ ಗಂಡನಿಗೆ ಕುರಿ ಗೊತ್ತು, ಕಂಪ್ಯೂಟರ್ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವರನ್ನು ಬೈಯುವಾಗ ಓದುವವರಿಗೆ ಅಯ್ಯೋ ಪಾಪ ಅನ್ನಿಸಬಾರದು. ಗೊತ್ತಿಲ್ಲದ್ದನ್ನು ಮುಟ್ಟದೆ ಸುಮ್ಮನಿರುವವರನ್ನು ಯಾರೂ ಬೈಯುವುದಿಲ್ಲ. ಇವರು ಮುಟ್ಟಿದರು. ಮುಟ್ಟಿದ್ದು ಬೇರೆ ಏನನ್ನೂ ಅಲ್ಲ, ನಮ್ಮತ್ತೆಯ ಹಾಡುಗಳನ್ನು.

ಮಧುಗಿರಿ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನಾನು ಮದುವೆ ಪತ್ರಿಕೆ, ಅರ್ಜಿ, ಕರಾರು ಅಂತ ಟೈಪ್ ಮಾಡಿಕೊಡುತ್ತೇನೆ. ಆ ಕೋಣೆ ಮತ್ತು ಕಂಪ್ಯೂಟರ್ ನನ್ನವು, ಹಿತ್ತಲಿನ ದೊಡ್ಡಿ ಮತ್ತು ಅದರೊಳಗಿನ ಕುರಿಗಳು ಅವರವು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈ ಹಾಕದೆ ಇದ್ದಷ್ಟು ಕಾಲ ಸಂಸಾರ ಸಲೀಸಾಗಿಯೇ ನಡೆದಿತ್ತು.

ನಮ್ಮ ಕಡೆ ಮದುವೆಗಳಲ್ಲಿ ಬೀಗರ ಹಾಡು ಇರಲೇಬೇಕು. ಹೆಣ್ಣಿನ ಕಡೆಯ ಹೆಂಗಸರು ಒಂದು ಸಾಲು, ಗಂಡಿನ ಕಡೆಯವರು ಎದುರು ಸಾಲು. ಇವರು ಹಾಡಿನಲ್ಲೇ ಅವರ ಮಾನ ಕಳೆಯುತ್ತಾರೆ, ಅವರು ಹಾಡಿನಲ್ಲೇ ತಿರುಗಿಸಿ ಕೊಡುತ್ತಾರೆ. ಯಾರ ಹತ್ತಿರ ಉತ್ತರ ಮುಗಿಯಿತೋ ಅವರು ಸೋತಂತೆ. ಆ ಸೋಲನ್ನು ನಾಮಕರಣದ ತನಕ ಆಡಿಕೊಳ್ಳುವವರಿದ್ದಾರೆ. ನಮ್ಮತ್ತೆಯ ಹತ್ತಿರ ಉತ್ತರ ಮುಗಿದದ್ದನ್ನು ನಾನಂತೂ ಕಂಡಿಲ್ಲ. ನನ್ನ ಮದುವೆಯಲ್ಲಿ ನಮ್ಮ ಚಿಕ್ಕಮ್ಮಂದಿರ ಬಾಯಿ ಮುಚ್ಚಿಸಿ, ಹಸೆಮಣೆ ಮೇಲೆ ಕೂತಿದ್ದ ನನ್ನನ್ನೂ ಬಿಡದೆ ಸೂಜಿಮೂತಿ ಸೊಸೆ ಎಂದು ಹಾಡಿದವರು ಅವರು. ಅವತ್ತು ಬಂದ ಸಿಟ್ಟು ನನಗೆ ಬಹಳ ದಿನ ಇಳಿದಿರಲಿಲ್ಲ.

ನಾದಿನಿಯ ಮಗಳಿಗೆ ಪಾವಗಡದ ಕಡೆ ರಾಯಚರ್ಲುವಿನಲ್ಲಿ ಗಂಡು ಗೊತ್ತಾಯಿತು. ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟಿರುವ ಮನೆ. ನಿಶ್ಚಿತಾರ್ಥ ಮುಗಿಸಿ ವಾಪಸ್ ಬರುವಾಗ ಬಸ್ಸಿನಲ್ಲೇ ಅತ್ತೆ ಹೊಸ ಹಾಡು ಕಟ್ಟಿದರು. 'ಬಿಸಿಲು ಮಾರಿದ ಬೀಗರು ಬಂದವ್ರೆ' ಎನ್ನುವ ಮೊದಲ ಸಾಲು ಕೇಳಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮುಂದಿನದನ್ನು ಹೇಳಿ ಅಂದರೆ, "ಮದ್ವೇಲಿ ಕೇಳ್ಕಳಿ, ಬುಡ್ರಿ" ಅಂದರು.

ಅಷ್ಟರಲ್ಲಿ ಅವರ ಕುತ್ತಿಗೆಯಲ್ಲಿ ಮೊದಲಿನಿಂದ ಇದ್ದ ಗಂಟು ದೊಡ್ಡದಾಯಿತು. ಆಪರೇಷನ್ ಆಗಲೇಬೇಕು, ದನಿ ಮೊದಲಿನಂತೆ ಇರುತ್ತದೆ ಅಂತ ಹೇಳಲಾಗದು ಎಂದರು ತುಮಕೂರಿನ ಡಾಕ್ಟರು. ಆಸ್ಪತ್ರೆಗೆ ಸೇರುವ ಮೊದಲು ನಾದಿನಿ ಬಂದು ಅತ್ತೆಯನ್ನು ಜಗುಲಿಯಲ್ಲಿ ಕೂರಿಸಿ ಹಾಡಿಸಿದಳು. ಅವಳ ಫೋನಿನಲ್ಲಿ ಕೆಲವು, ಅತ್ತೆಯ ಫೋನಿನಲ್ಲಿ ಕೆಲವು, ನನ್ನ ಗಂಡನ ಹಳೆಯ ಬಟನ್ ಫೋನಿನಲ್ಲಿ ಕೆಲವು ರೆಕಾರ್ಡ್ ಆದವು. ಬಿಸಿಲಿನ ಹಾಡನ್ನು ಪೂರ್ತಿ ಹಾಡಿದ್ದು ಅವತ್ತೇ. ಬಂದವರಿಗೆಲ್ಲ ನಾನು ಒಳಗೆ ಕಾಫಿ ಮಾಡುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು, ದನಿ ಮಾತ್ರ ಹೋಯಿತು. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ ಅರ್ಧ ಮಾತು, ಅರ್ಧ ಉಸಿರು. ಮನೆಯವರ ಎದುರು ಬೇಕೇ ಬೇಕಾದರೆ ನಾಲ್ಕು ಮಾತು ಆಡುತ್ತಿದ್ದರು. ಹೊರಗಿನವರು ಬಂದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗಿಬಿಡುತ್ತಿದ್ದರು. ಹಾಡಿನ ಹೆಸರೆತ್ತಿದರೆ ಎದ್ದೇ ಹೋಗುತ್ತಿದ್ದರು. ಈ ಸುದ್ದಿ ರಾಯಚರ್ಲುವಿಗೂ ಮುಟ್ಟಿತು. ಬೀಗಿತ್ತಿ ನಾದಿನಿಗೆ ಫೋನ್ ಮಾಡಿ, "ಈ ಸಾರಿ ಪಾಟ ಮಾದೇ ಕಣಮ್ಮಾ" ಎಂದು ನಕ್ಕಳಂತೆ, ಈ ಸಲ ಹಾಡೆಲ್ಲ ನಮ್ಮದೇ ಎಂದು. ಅದನ್ನು ಕೇಳಿ ಅತ್ತೆಯ ಮುಖ ಸಣ್ಣದಾಯಿತು. ಆಮೇಲೆ ನನ್ನನ್ನು ಕರೆದು, "ನಿಂತ್ಕಂಡು ಹಾಡೋಳು ನೀನೇಯ. ಕೇಳಿ ಕಲ್ತ್ಕಾ" ಅಂದರು. ಮಗಳಿದ್ದರೂ ನನ್ನನ್ನು ಆರಿಸಿದರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು, ಭಯವೂ ಆಯಿತು.

ಆಸ್ಪತ್ರೆಯ ಓಡಾಟದ ನಡುವೆ ಫೋನಿನ ಹಾಡುಗಳನ್ನು ನನ್ನ ಕಂಪ್ಯೂಟರಿಗೆ ಕಾಪಿ ಮಾಡಿಟ್ಟಿದ್ದು ನನ್ನ ಗಂಡ. ಮಾರನೆಯ ಬೆಳಿಗ್ಗೆ ಅತ್ತೆಗೆ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಮೊದಲ ಹಾಡಿನ ಮೇಲೆ ಒತ್ತಿದೆ. ಹಾಡು ಬರಲಿಲ್ಲ, ನೋಟ್‌ಪ್ಯಾಡ್ ಬಂತು. ಬರೆಯುವ ಬಿಳಿ ಹಾಳೆ, ಅದರ ತುಂಬ ಚೌಕಗಳು, ಪ್ರಶ್ನೆ ಚಿಹ್ನೆಗಳು, ಯಾವ ಭಾಷೆಗೂ ಸೇರದ ಅಕ್ಷರಗಳು. ಎರಡನೆಯದನ್ನು ಒತ್ತಿದೆ, ಅದೇ. ಮೂರನೆಯದೂ ಅದೇ.

"ಇದೇನೇ ಇದು, ಇರುವೆ ಸಾಲು?" ಅಂದರು ಅತ್ತೆ.

ಫೈಲುಗಳ ಹೆಸರು ನೋಡಿದೆ. ಪ್ರತಿ ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ, ಅದರ ಮುಂದೆ ಮೂರು ನಾಲ್ಕು ಅಕ್ಷರ ಇರುತ್ತದೆ. ಇದು ಹಾಡೋ, ಫೋಟೋವೋ, ಪತ್ರವೋ ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಆ ಬಾಲದಿಂದ. ಅಲ್ಲಿ ಹಾಡಿನ ಬಾಲ ಒಂದಕ್ಕೂ ಇರಲಿಲ್ಲ. ಎಲ್ಲದರ ಕೊನೆಗೂ ಇದ್ದದ್ದು ಒಂದೇ ಜೋಡಿ ಅಕ್ಷರ, ನಮ್ಮ ಮಾವನವರ ಹೆಸರಿನದು. ಅವು ನನಗೆ ಚೆನ್ನಾಗಿ ಗೊತ್ತಿದ್ದ ಅಕ್ಷರಗಳೇ. ಹಿತ್ತಲಿನ ಪ್ರತಿ ಕುರಿಯ ಬೆನ್ನ ಮೇಲೂ ಕೆಂಪು ಬಣ್ಣದಲ್ಲಿ ಅವೇ ಇವೆ.

ನಾನು ಹಿತ್ತಲಿಗೆ ನುಗ್ಗಿದೆ. "ಹಾಡಿನ ಫೈಲಿನ ಹೆಸರು ಮುಟ್ಟಿದ್ರಾ?"

"ಮುಟ್ಟಾದೇನು, ಸರಿ ಮಾಡಿವ್ನಿ," ಅಂದರು, ಮರಿಯ ಬಾಯಿ ಬಿಡಿಸಿ ಔಷಧಿ ಹಾಕುತ್ತ. "ಒಂದೊಂದುಕ್ಕೆ ಒಂದೊಂದು ಗುರುತಿತ್ತು ಕಣೇ, ಯಾರ್ಯಾರ್ದೋ ಫೋನಿಂದು. ಕಂಪೂಟ್ರು ಒಪ್ಪಲಿಲ್ಲ. ಅದ್ಕೇ ಅವ್ನೆಲ್ಲ ತೆಗ್ದು ನಮ್ಮನೆ ಗುರುತು ಹಾಕ್ಬುಟ್ಟೆ."

ಶಿರಾ ಸಂತೆಯಿಂದ ಕುರಿ ಹೊಡೆದುಕೊಂಡು ಬಂದರೆ ಅವರು ಮಾಡುವ ಮೊದಲ ಕೆಲಸ ಅದು. ಹಳೆಯ ಯಜಮಾನನ ಬಣ್ಣದ ಉಣ್ಣೆ ಕತ್ತರಿಸಿ, ನಮ್ಮ ಗುರುತು ಹಾಕಿ, ಆಮೇಲೆ ಮಂದೆಗೆ ಬಿಡುವುದು. ಬೇರೆಯವರ ಗುರುತಿನ ಕುರಿ ದೊಡ್ಡಿಯಲ್ಲಿದ್ದರೆ ನಾಳೆ ಜಗಳಕ್ಕೆ ಬರುತ್ತಾರೆ. ಹಾಡುಗಳಿಗೂ ಅದನ್ನೇ ಮಾಡಿದ್ದರು. ಮೊದಲು ಹಾಡು ಒತ್ತಿದಾಗ ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ಕೇಳಿದೆ. ಇವರು ಕೈಗೆ ಸಿಕ್ಕಿದ ನೋಟ್‌ಪ್ಯಾಡ್ ತೋರಿಸಿ, ಯಾವಾಗಲೂ ಹೀಗೇ ಎನ್ನುವ ಚೌಕಕ್ಕೂ ಟಿಕ್ ಹೊಡೆದಿದ್ದಾರೆ. ಇರುವೆ ಸಾಲು ಬಂದಿದೆ. ಗುರುತಿನದೇ ದೋಷ ಎಂದುಕೊಂಡು ಬಾಲ ಕತ್ತರಿಸಿ, ಹೊಸ ಬಾಲಕ್ಕೂ ಅದೇ ಟಿಕ್ ಹೊಡೆದಿದ್ದಾರೆ. ಬಾಲ ಬದಲಿಸಿದರೆ ಫೈಲು ಕೆಲಸಕ್ಕೆ ಬಾರದೇ ಹೋಗಬಹುದು, ಖಂಡಿತವಾಗಿಯೂ ಬದಲಿಸಬೇಕೇ ಎಂದು ಅದು ಪ್ರತಿ ಸಲವೂ ಕೇಳಿದೆ. ಪ್ರತಿ ಸಲವೂ ಇವರು ಹೌದು ಅಂದಿದ್ದಾರೆ. ಮನೆಯಲ್ಲಿ ನಾನು ಕೇಳುವ ಒಂದು ಮಾತಿಗೂ ಅಷ್ಟು ಬೇಗ ಹೌದು ಅಂದವರಲ್ಲ.

ಫೋನುಗಳಲ್ಲಿ ಇದೆಯಾ ಎಂದರೆ, ನಾದಿನಿ ಫೋನ್ ಬದಲಿಸಿದ್ದಳು. ಉಳಿದೆರಡರಲ್ಲಿ ಜಾಗ ತುಂಬಿದೆ ಎಂದು ಕಾಪಿ ಮಾಡಿದ ಮೇಲೆ ಇವರೇ ಅಳಿಸಿದ್ದರು. ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಕೈಯಲ್ಲಿದ್ದ ಮರಿ ಕೂಡ ಬಿಡಿಸಿಕೊಂಡು ಓಡಿತು.

ಎಲ್ಲದಕ್ಕೂ ಎಂಪಿ ತ್ರೀ ಎಂಬ ಬಾಲ ಹಚ್ಚಿ ನೋಡಿದೆ. ಈ ಫೈಲನ್ನು ನುಡಿಸಲು ಆಗುವುದಿಲ್ಲ ಎಂದಿತು. ನುಡಿಸುವ ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕಿದೆ, ಅದೇ ಉತ್ತರ. ಮಧ್ಯೆ ಒಬ್ಬರು ವಂಶವೃಕ್ಷದ ಅರ್ಜಿ ಟೈಪ್ ಮಾಡಿಸಲು ಬಂದು ಕೂತು, "ಏನಮ್ಮ, ಇವತ್ತು ಮುಖ ಹಿಂಗೈತೆ?" ಎಂದು ಕೇಳಿ ಬೈಸಿಕೊಂಡರು. ಪೇಟೆಯ ರಿಪೇರಿ ಅಂಗಡಿಗೆ ಸ್ಕೂಟಿಯಲ್ಲಿ ಸಿಪಿಯು ಇಟ್ಟುಕೊಂಡು ಹೋದೆ. ಅಂಗಡಿಯವನು ಎರಡು ಫೈಲು ಒತ್ತಿ ನೋಡಿ, "ಎಲ್ಲಾ ಹೋಗೈತೆ ಮೇಡಂ, ಫಾರ್ಮ್ಯಾಟ್ ಹೊಡ್ದ್ಬುಡನಾ?" ಎಂದು ಆರಾಮಾಗಿ ಕೇಳಿದ. ನನ್ನ ಸಿಪಿಯು ಕಿತ್ತುಕೊಂಡು ವಾಪಸ್ ಬಂದೆ. ದಾರಿಯಲ್ಲಿ ಕಣ್ಣಲ್ಲಿ ನೀರು ಬಂತು. ದುಃಖಕ್ಕಿಂತ ಹೆಚ್ಚು ಅದು ಸಿಟ್ಟಿನದು.

ಮನೆಗೆ ಬಂದು ಏನೂ ತೋಚದೆ ಮತ್ತೆ ಅದೇ ಇರುವೆ ಸಾಲನ್ನು ತೆರೆದು ದುರುಗುಟ್ಟಿ ನೋಡಿದೆ. ಆಗ ಮೊಟ್ಟಮೊದಲ ಸಾಲಿನಲ್ಲಿ ಓದಲು ಬರುವ ಮೂರು ಇಂಗ್ಲಿಷ್ ಅಕ್ಷರ ಕಂಡವು, ಎ ಎಂ ಆರ್. ಹಳೆಯ ಬಟನ್ ಫೋನಿನ ರೆಕಾರ್ಡಿಂಗಿಗೆ ಇರುತ್ತಿದ್ದ ಬಾಲ ಅದೇ. ಇನ್ನೊಂದು ಫೈಲು ತೆರೆದೆ. ಅದರ ನೆತ್ತಿಯಲ್ಲಿ ಓಪಸ್ ಎಂದಿತ್ತು, ವಾಟ್ಸಾಪಿನಲ್ಲಿ ಬಂದದ್ದು. ಹೊರಗಿನ ಗುರುತು ಹೋಗಿತ್ತು, ಒಳಗಿನದು ಹಾಗೇ ಇತ್ತು. ಇವರ ಕತ್ತರಿ ಅಷ್ಟು ಒಳಗೆ ಹೋಗಿರಲಿಲ್ಲ.

ಒಂದೊಂದನ್ನೇ ತೆರೆದು, ನೆತ್ತಿ ಓದಿ, ಅದರ ಬಾಲ ಅದಕ್ಕೆ ಹಚ್ಚಿದೆ. ಅಷ್ಟಕ್ಕೇ ಮುಗಿಯಲಿಲ್ಲ, ಒತ್ತಿದರೆ ಮತ್ತೆ ನೋಟ್‌ಪ್ಯಾಡೇ ಬಂತು. ಇವರು ಹೊಡೆದ ಆ ಟಿಕ್ ಇನ್ನೂ ಇತ್ತಲ್ಲ. ಸೆಟ್ಟಿಂಗಿನಲ್ಲಿ ಹುಡುಕಿ ಹುಡುಕಿ, ಈ ಬಾಲದ್ದನ್ನು ಈ ಪ್ಲೇಯರಿನಲ್ಲಿ ತೆರೆ ಎಂದು ಒಂದೊಂದಕ್ಕೂ ಹೇಳಿಕೊಟ್ಟೆ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ ಅದಕ್ಕೆ. ಬಟನ್ ಫೋನಿನವಕ್ಕೆ ಬೇರೆಯದೇ ಪ್ಲೇಯರ್ ಇಳಿಸಬೇಕಾಯಿತು. ಕೊನೆಗೆ ಒಂದನ್ನು ಒತ್ತಿದಾಗ ಕೋಣೆಯ ತುಂಬ ಅತ್ತೆಯ ಹಳೆಯ ದನಿ, ಕಂಚಿನ ದನಿ. ಹಿತ್ತಲಿನಿಂದ ನನ್ನ ಗಂಡ ಓಡಿ ಬಂದು ಬಾಗಿಲಲ್ಲಿ ನಿಂತರು. ಅತ್ತೆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತು, ಯಾರದೋ ಹಾಡು ಕೇಳುವವರ ಹಾಗೆ ಕೇಳಿದರು.

ಬಿಸಿಲಿನ ಹಾಡನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದರ ನೆತ್ತಿ ಓದಲು ನೋಟ್‌ಪ್ಯಾಡಿನಲ್ಲಿ ತೆರೆದೆ. ಇರುವೆ ಸಾಲು ಕೂಡ ಇರಲಿಲ್ಲ. ಬರೀ ಬಿಳಿ ಹಾಳೆ. ಗಾತ್ರ ನೋಡಿದೆ, ಸೊನ್ನೆ.

"ಇದು ಕಾಪಿ ಆಗೋವಾಗ ವೈರ್ ಕಿತ್ರಾ?" ಎಂದು ಕೇಳಿದೆ.

"ಕುರಿ ವ್ಯಾಪಾರದೋನು ಫೋನ್ ಮಾಡ್ದ ಕಣೇ, ವೈರ್ ಕಿತ್ತು ಎತ್ಕಂಡು ಆಚೆಗೆ ಹೋದೆ," ಅಂದರು. ಅವರ ಮುಖ ಬಿಳಿಚಿಕೊಂಡಿತ್ತು.

ಬೈಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. "ಇದ್ರಾಗೆ ಏನೂ ಇಲ್ಲ ಅತ್ತೆ," ಅಂದೆ.

ಅತ್ತೆ ಆ ಬಿಳಿ ಹಾಳೆಯನ್ನೇ ನೋಡಿದರು. ಪಕ್ಕದ ಚೊಂಬಿನಿಂದ ಎರಡು ಗುಟುಕು ನೀರು ಕುಡಿದರು. ಮಂಡಿಯ ಮೇಲೆ ಅಂಗೈ ಬಡಿದರು, ತಾಳಕ್ಕೆ. ಅವರು ಏನು ಮಾಡುತ್ತಿದ್ದಾರೆ ಎಂದು ನನಗೆ ತಿಳಿಯುವ ಮೊದಲೇ ಆ ಒಡೆದ ದನಿ ಎದ್ದಿತು.

"ಬಿಸಿಲು ಮಾರಿದ ಬೀಗರು ಬಂದವ್ರೆ,
ನೆಳ್ಳ ಎಲ್ಲಿ ಹಾಸಾನವ್ವ ಕೂರಾಕೆ..."

ಅರ್ಧ ಅಕ್ಷರಗಳು ಉಸಿರಿನಲ್ಲೇ ಹೋದವು. ಎತ್ತರಕ್ಕೆ ಹೋಗುವಲ್ಲಿ ದನಿ ಮುರಿದು, ಕೆಮ್ಮು ಬಂತು. ಆಪರೇಷನ್ ಆದ ಮೇಲೆ ನಮ್ಮ ಮುಂದೆ ಸಹ ಒಂದು ಸಾಲು ಗುನುಗಿದವರಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಬಾಗಿಲ ಬಳಿ ನನ್ನ ಗಂಡ ಮೆಲ್ಲಗೆ ಜೇಬಿನಿಂದ ಫೋನ್ ತೆಗೆದು ಮುಂದೆ ಹಿಡಿದರು.

"ಅದ್ನ ಒಳಕ್ಕೆ ಇಟ್ಕಳ್ಲಾ," ಅಂದರು ಅತ್ತೆ. "ನಾನು ಇವ್ಳಿಗೆ ಕೊಡ್ತಾ ಇವ್ನಿ."

ಆಮೇಲೆ ನನ್ನ ತೊಡೆ ಚಿವುಟಿದರು. "ಅಳಾಕೆ ಹೋಗ್ತೀಯೇನೇ ಮದ್ವೆಗೆ? ಹೇಳು."

ಹೇಳಿದೆ. ಎರಡನೇ ಸಾಲು ತಪ್ಪಿತು. ಅವರು ಮಂಡಿ ಬಡಿದು ಮೊದಲಿನಿಂದ ಶುರು ಮಾಡಿಸಿದರು.