ಕಮಾನಿನ ಕೆಳಗೆ ಆಡಿದ ಮಾತು

ನಮ್ಮ ಕಾಲದ ಮಕ್ಕಳಿಗೆ ಶಾಲೆ ತಪ್ಪಿಸಿ ಪೇಟೆಗೆ ಹೋಗುವುದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಸಂತೆಕಟ್ಟೆಯಿಂದ ಉಡುಪಿಗೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರೆ ಬೊಂಬಾಯಿಗೆ ಹೊರಟಷ್ಟು ಸಡಗರ. ಮಳೆ ಬಿಟ್ಟ ಒಂದು ಬೆಳಿಗ್ಗೆ ಅಮ್ಮ, "ಇವತ್ತು ಶಾಲೆ ಬೇಡ. ಉಡುಪಿ ಕೋರ್ಟಿನಲ್ಲಿ ಸ್ವಲ್ಪ ಕೆಲಸ ಉಂಟು" ಎಂದಾಗ ನಾನು ಎಂತ ಕೆಲಸ ಎಂದು ಕೇಳಲೂ ಇಲ್ಲ. ನನಗಾಗ ಎಂಟು ವರ್ಷ.

ನಾನೂ ಅಮ್ಮನೂ ಅಜ್ಜಿಯ ಮನೆಯಲ್ಲಿದ್ದೆವು. ಅಪ್ಪ ಕಾರ್ಕಳದಲ್ಲಿ ಮನೆ ಕಟ್ಟುವ ಮೇಸ್ತ್ರಿ. ಅವರಿಬ್ಬರೂ ಒಟ್ಟಿಗಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಯಾರ ಬಳಿ ಇರಬೇಕೆಂದು ವ್ಯಾಜ್ಯ ನಡೆಯುತ್ತಿದೆ ಎಂಬುದು ಗೊತ್ತಿರಲಿಲ್ಲ.

ಕೋರ್ಟಿನ ಅಂಗಳದಲ್ಲಿ ಅಪ್ಪ ನಿಂತಿದ್ದರು. ಓಡಿಹೋಗಿ ಅಪ್ಪಿಕೊಂಡೆ.

"ಕರೆಯಲಿಕ್ಕೆ ಇನ್ನೂ ಹೊತ್ತುಂಟಲ್ಲ. ಮಗುವಿಗೆ ಕಟ್ಟಡ ತೋರಿಸಿಕೊಂಡು ಬರ್ತೇನೆ" ಎಂದು ಅಮ್ಮನಿಗೆ ಹೇಳಿದರು.

ಅಮ್ಮ "ದೂರ ಹೋಗ್ಬೇಡಿ" ಎಂದು ನನ್ನ ಕೈ ಬಿಟ್ಟಳು.

ಅಷ್ಟು ದೊಡ್ಡ ಹಂಚಿನ ಮಾಡನ್ನು ನಾನು ನೋಡಿದ್ದು ಅದೇ ಮೊದಲು. ಕೆಂಪುಕಲ್ಲಿನ ಗೋಡೆ ನನ್ನ ಎರಡು ಮೊಳದಷ್ಟು ದಪ್ಪ. ಜಗಲಿಯುದ್ದಕ್ಕೂ ಕಮಾನುಗಳು. ಬಾಗಿಲ ಮೇಲಿನ ಬಣ್ಣದ ಗಾಜಿನಿಂದ ಬಿಸಿಲು ಹಸಿರಾಗಿ, ಕೆಂಪಾಗಿ ನೆಲಕ್ಕೆ ಬಿದ್ದಿತ್ತು. ನಾನು ಆ ಬಣ್ಣಗಳ ಮೇಲೇ ಕುಂಟಾಟ ಆಡಿದೆ. ಹಳೆಯ ಕಾಗದದ, ಬಾವಲಿಯ ವಾಸನೆ.

"ಈ ಗಾರೆಗೆ ಬೆಲ್ಲದ ನೀರು ಹಾಕಿದ್ದಾರೆ ಮಗಾ" ಎಂದರು ಅಪ್ಪ. ನಾನು ಬೆರಳನ್ನು ಗೋಡೆಗೆ ಉಜ್ಜಿ ನಾಲಗೆಗೆ ಇಟ್ಟೆ. ಇಬ್ಬರೂ ನಕ್ಕೆವು.

ಒಂದು ಕಮಾನಿನ ಕೆಳಗೆ ಕುಳಿತಾಗ ಅಪ್ಪ ಕೇಳಿದರು, "ನೀನು ಶಾಲೆಯಿಂದ ಬರುವಾಗ ಅಮ್ಮ ಮನೆಯಲ್ಲಿ ಇರ್ತಾಳಾ?"

"ಇಲ್ಲ, ಹೊಲಿಗೆ ಕ್ಲಾಸಿಗೆ ಹೋಗಿರ್ತಾಳೆ. ಅಜ್ಜಿ ಗದ್ದೆಯಲ್ಲಿ. ಮೊನ್ನೆ ನಾನೇ ಒಲೆ ಹಚ್ಚಿ ಚಾ ಮಾಡಿದೆ, ಗೊತ್ತುಂಟಾ? ಬೆರಳು ಸ್ವಲ್ಪ ಸುಟ್ಟಿತು ಅಷ್ಟೆ."

"ಹೌದಾ? ತೋರಿಸು ನೋಡುವ." ಅಪ್ಪ ಬೆರಳನ್ನು ಸವರಿದರು. ಆಮೇಲೆ ನನಗೆ ಬಿಸಿ ಬಿಸಿ ಬನ್ಸ್ ತೆಗೆಸಿಕೊಟ್ಟು, ಕರಿ ಕೋಟಿನ ಒಬ್ಬರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿದರು.

ಒಳಗೆ ನ್ಯಾಯಾಧೀಶರ ಮುಂದೆ ಆ ಕರಿ ಕೋಟಿನವರು, ಅಪ್ಪನ ವಕೀಲರು, ಎದ್ದು ನಿಂತರು. "ತಾಯಿ ಮಗುವನ್ನು ಒಂಟಿಯಾಗಿ ಬಿಟ್ಟು ಹೊರಗೆ ತಿರುಗುತ್ತಾರೆ ಸ್ವಾಮಿ. ಹಸಿದ ಮಗು ತಾನೇ ಬೆಂಕಿ ಹಚ್ಚಿ ಕೈ ಸುಟ್ಟುಕೊಂಡಿದೆ."

ನಾನು ತುಳುವಿನಲ್ಲಿ ಅಪ್ಪನಿಗೆ ಜಂಬ ಕೊಚ್ಚಿಕೊಂಡ ಮಾತು ವಕೀಲರ ಕನ್ನಡದಲ್ಲಿ ಬೇರೆ ಯಾರದೋ ಸಂಕಟದ ಹಾಗೆ ಕೇಳಿಸಿತು.

"ಹೌದಾ ಮಗು? ಕೈ ಸುಟ್ಟಿತಾ?" ನ್ಯಾಯಾಧೀಶರು ಮೆತ್ತಗೆ ಕೇಳಿದರು.

"ಸುಟ್ಟಿತು. ಆದರೆ ಚಾ ಒಳ್ಳೆದಾಗಿತ್ತು ಸಾರ್."

ಯಾರೋ ನಕ್ಕರು. ಅಮ್ಮ ನಗಲಿಲ್ಲ, ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಅಪ್ಪನ ಮುಖ ನೋಡಿದೆ. ಅವರು ಮಾಡಿನ ತೊಲೆಗಳನ್ನು ನೋಡುತ್ತಿದ್ದರು.

ನ್ಯಾಯಾಧೀಶರು ನನ್ನನ್ನು ಅಮ್ಮನ ಬಳಿಯೇ ಬಿಟ್ಟರು. ಆದರೆ ಅಮ್ಮ ಮತ್ತೆಂದೂ ಹೊಲಿಗೆ ಕ್ಲಾಸಿಗೆ ಹೋಗಲಿಲ್ಲ. ಸಂತೆಕಟ್ಟೆಯಲ್ಲಿ ಒಂದು ಟೈಲರ್ ಅಂಗಡಿ ಇಡುವ ಅವಳ ಆಸೆ ಅಲ್ಲಿಗೇ ನಿಂತಿತು. ನನ್ನನ್ನು ಅವಳು ಬೈಯಲೂ ಇಲ್ಲ. ಅಪ್ಪ ಆಗಾಗ ನೋಡಲು ಬರುತ್ತಿದ್ದರು. "ಎಂತ ಮಗಾ ವಿಶೇಷ?" ಎಂದರೆ ನಾನು "ಎಂತ ಇಲ್ಲ" ಎಂದು ಒಳಗೆ ಹೋಗುತ್ತಿದ್ದೆ.

ತೊಂಬತ್ತರ ದಶಕದ ನಡುವಿಗೆ, ನನ್ನ ಮದುವೆಯಾದ ಮೇಲೆ, ಅಪ್ಪ ಮಣಿಪಾಲದ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಊಟ ಬಡಿಸುತ್ತಾ ಕೇಳಿಯೇಬಿಟ್ಟೆ. "ಆ ದಿನ ನೀವು ನನಗೆ ಕೋರ್ಟು ತೋರಿಸಿದ್ದು ಯಾಕೆ ಅಪ್ಪ?"

ಅವರು ಅನ್ನ ಕಲಸುತ್ತಲೇ ಇದ್ದರು. "ವಕೀಲರು ಹೇಳಿದ್ದು ಮಗಾ. ಸ್ವಲ್ಪ ತಿರುಗಾಡಿಸಿ, ಖುಷಿಯಾದರೆ ಮಕ್ಕಳು ಎಲ್ಲ ಹೇಳ್ತವೆ ಅಂತ."

ನಾನು ಸಾರು ಬಡಿಸಿದೆ. ಕೋರ್ಟಿನೊಳಗೆ ವಕೀಲರು ಆಡಿದ ಮಾತನ್ನು ಮರೆಯಲಾಗದಿದ್ದರೂ, ಅಪ್ಪ ಕೈಹಿಡಿದು ನಡೆಸಿದ ಆ ಬೆಳಗನ್ನು ಮಾತ್ರ ಅಷ್ಟು ವರ್ಷ ಬೇರೆಯಾಗಿ ಎತ್ತಿಟ್ಟುಕೊಂಡಿದ್ದೆ. ಅಂದಿನಿಂದ ಅದೂ ನನ್ನ ಹತ್ತಿರ ಇಲ್ಲ.