ಪಾರ್ಟಿ ಬಸ್ಸಿನಲ್ಲಿ ಮಾತಾಡಿದವಳು

ಇದನ್ನು ನಂಬಿ ಎಂದು ನಾನು ಯಾರನ್ನೂ ಬೇಡಿಕೊಳ್ಳುವುದಿಲ್ಲ. ನಂಬಬೇಕಾದವಳೇ ನಂಬಲಿಲ್ಲ, ಇನ್ನು ನೀವು ನಂಬಿದರೆಷ್ಟು, ಬಿಟ್ಟರೆಷ್ಟು? ಆದರೆ ನಡೆದದ್ದು ಹೀಗೆಯೇ. ಹೆಸರುಗಳನ್ನೂ ಗುರುತು ಸಿಗುವಂಥ ಒಂದೆರಡು ಸಂಗತಿಗಳನ್ನೂ ಬದಲಿಸಿದ್ದೇನೆ. ಉಳಿದದ್ದರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ.

ಸೊರಬದಲ್ಲಿ ನಾನೂ ಗಿರಿಜಾಳೂ ಸೇರಿ ಒಂದು ಟೈಲರಿಂಗ್ ಅಂಗಡಿ ನಡೆಸುತ್ತಿದ್ದೆವು. ಎದುರುಬದುರು ಎರಡು ಮಿಷನ್ನು. ಮಧ್ಯಾಹ್ನ ಒಂದೇ ಡಬ್ಬಿಯ ಊಟ. ಅವಳ ಮನೆಯ ಸಂಗತಿ ನನಗೆ ಗೊತ್ತಿರಲಿಲ್ಲ ಎಂಬುದಿಲ್ಲ, ನನ್ನದು ಅವಳಿಗೆ ಗೊತ್ತಿರಲಿಲ್ಲ ಎಂಬುದೂ ಇಲ್ಲ.

ಅದರಲ್ಲಿ ಒಂದು ದೊಡ್ಡ ಗುಟ್ಟೂ ಇತ್ತು. ಗಿರಿಜಾಳ ಮಗಳು ಸಿಂಚನಾ, ಗಿರಿಜಾ ಹೆತ್ತ ಮಗುವಲ್ಲ. ಬಹಳ ವರ್ಷ ಮಕ್ಕಳಾಗದೆ, ಕಾನೂನು ಪ್ರಕಾರವೇ ದತ್ತು ತಂದುಕೊಂಡಿದ್ದಳು. ಆದರೆ ಊರಿಗೆ ಹಾಗೆ ಹೇಳಿರಲಿಲ್ಲ. ಹಾವೇರಿ ಕಡೆ ಬಾಡಿಗೆ ಮನೆ ಮಾಡಿಕೊಂಡು ಕೆಲವು ತಿಂಗಳು ಇದ್ದು, ಕೂಸನ್ನು ಎತ್ತಿಕೊಂಡು ಬಂದು, "ಅಲ್ಲೇ ಹೆರಿಗೆಯಾಯ್ತು" ಎಂದಿದ್ದಳು. ನಿಜ ಗೊತ್ತಿದ್ದದ್ದು ಅವಳಿಗೆ, ಅವಳ ಗಂಡ ಶೇಖರಣ್ಣನಿಗೆ ಮತ್ತು ನನಗೆ. ಹೆತ್ತ ತಾಯಿ ಯಾರು, ಯಾವ ಊರಿನವಳು ಎಂಬುದನ್ನು ಮಾತ್ರ ಗಿರಿಜಾಳಿಗೂ ಯಾರೂ ಹೇಳಿರಲಿಲ್ಲ.

ಸಿಂಚನಾಳಿಗೆ ಹದಿನೆಂಟು ತುಂಬುವಾಗ ಅವಳಿಗೆ ಪಾರ್ಟಿ ಬಸ್ಸಿನ ಹುಚ್ಚು ಹತ್ತಿತು. ಶಿವಮೊಗ್ಗದವರೊಬ್ಬರು ಹಳೆಯ ಟೂರಿಸ್ಟ್ ಬಸ್ಸಿಗೆ ಹೊಸ ವೇಷ ಹಾಕಿ ಬಾಡಿಗೆಗೆ ಬಿಡುತ್ತಿದ್ದರು. ಫೋನಿನಲ್ಲಿ ವಿಚಾರಿಸಿ ಗೊತ್ತು ಮಾಡಿದವಳು ನಾನೇ. ಬಸ್ಸಿನೊಳಗೆ ಸುತ್ತಲೂ ಸೋಫಾ, ಸೂರಿನ ತುಂಬ ಕೆಂಪು ನೀಲಿ ದೀಪ, ಎದೆ ನಡುಗಿಸುವ ಸ್ಪೀಕರು, ಹಾಡುವವರಿಗೆ ಒಂದು ಮೈಕು. ಹತ್ತಿದ ಕೂಡಲೇ ಹೊಸ ರೆಕ್ಸಿನ್ನಿನ ವಾಸನೆ ಗಮ್ಮೆಂದಿತು. "ನಮ್ಮ ಸೊರಬದಲ್ಲಿ ಇಂಥದ್ದು ಯಾರೂ ಮಾಡಿರ್ಲಿಲ್ಲ ಕಣೇ ಸುನಂದಾ" ಎಂದು ಗಿರಿಜಾ ನನ್ನ ಕೈ ಹಿಸುಕಿದಳು.

ಊರಾಚೆ ದಂಡಾವತಿ ಹೊಳೆಯ ದಂಡೆಯಲ್ಲಿ ಕೇಕು ಕತ್ತರಿಸುವುದು, ಅಲ್ಲಿಂದ ಹಾಡು ಕುಣಿತದೊಂದಿಗೆ ಶಿಕಾರಿಪುರಕ್ಕೆ ಹೋಗಿ ಊಟ ಮಾಡಿ ಬರುವುದು ಎಂದಾಗಿತ್ತು. ಇಪ್ಪತ್ತು ಜನ ಇದ್ದಿರಬಹುದು. ನನ್ನ ಯಜಮಾನರು ಊರಲ್ಲಿರಲಿಲ್ಲ, ನಾನೊಬ್ಬಳೇ ಹೋಗಿದ್ದೆ.

ಹೊತ್ತು ಮುಳುಗುತ್ತಿತ್ತು. ಕೇಕು ಕತ್ತರಿಸಿದ ಮೇಲೆ ಸಿಂಚನಾ ನನ್ನ ಮುಖಕ್ಕೂ ಕೈಗೂ ಕ್ರೀಮು ಮೆತ್ತಿದಳು. ಪರ್ಸು, ಫೋನು ಬಸ್ಸಿನ ಸೀಟಿನ ಮೇಲೇ ಇದ್ದವು. ತೊಳೆದುಕೊಂಡು ಬರೋಣ ಎಂದು ದಂಡೆ ಇಳಿದೆ.

ನೀರು ಕೊರೆಯುತ್ತಿತ್ತು. ಹಸಿ ಜೇಡಿಮಣ್ಣಿನ ವಾಸನೆ... ಅದರ ಜೊತೆಗೆ ಕ್ರೀಮಿನ ಸಿಹಿ ವಾಸನೆ. ಬಗ್ಗಿ ಮುಖ ತೊಳೆಯುತ್ತಿರುವಾಗ ಮೇಲಿಂದ ಡ್ರೈವರ್ ಕೂಗಿದ್ದು ಕೇಳಿಸಿತು.

"ಎಲ್ಲಾರೂ ಹತ್ತಿದ್ರಾ ರೀ?"

ಹೆಂಗಸಿನ ದನಿಯೊಂದು ಉತ್ತರ ಕೊಟ್ಟಿತು. "ಹ್ಞೂ, ಎಲ್ಲಾರೂ ಬಂದಾಯ್ತು. ಹೊರಡಿ, ಹೊರಡಿ."

ಎಲ್ಲೋ ಕೇಳಿದ ದನಿ. ಯಾರದೆಂದು ಹೊಳೆಯಲಿಲ್ಲ. ಅವರ ನೆಂಟರಲ್ಲಿ ಯಾರೋ ಇರಬೇಕು ಅಂದುಕೊಂಡು "ತಡೀರಿ, ನಾನಿದ್ದೀನಿ!" ಎಂದು ಕಿರುಚಿದೆ. ಅಷ್ಟರಲ್ಲಿ ಹಾಡು ಶುರುವಾಯಿತು. ಸೆರಗು ಸಿಕ್ಕಿಸಿಕೊಂಡು ಓಡಿ ಮೇಲೆ ಬರುವಷ್ಟರಲ್ಲಿ ಬಸ್ಸು ರಸ್ತೆಗೆ ಏರಿತ್ತು.

ಕಿಟಕಿಯಲ್ಲಿ ಗಿರಿಜಾ ಕಂಡಳು. ಪಕ್ಕದವಳ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದಳು. ಆ ಪಕ್ಕದವಳು ಉಟ್ಟದ್ದು ಗಿಳಿಹಸಿರು ಸೀರೆ. ನಾನು ಉಟ್ಟದ್ದೂ ಗಿಳಿಹಸಿರೇ... ಆಗ ಅದು ತಲೆಗೆ ಹೋಗಲಿಲ್ಲ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ವರ್ಷದ ಗೆಳತಿ, ನಾನು ಹತ್ತಿದೆನೋ ಇಲ್ಲವೋ ಎಂದು ತಿರುಗಿ ಕೂಡ ನೋಡಲಿಲ್ಲವಲ್ಲ!

ಪಕ್ಕದ ಕೊಯ್ಲಾದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತಂಗಿಸಿದ್ದ ಗಂಡ ಹೆಂಡತಿ ಇದ್ದರು. ಶಿಕಾರಿಪುರದ ಆಚೆಯವರು. ಅಲ್ಲಿ ಬೆಂಕಿ ಕಂಡು ಹೋದೆ. ನನ್ನನ್ನು ನೋಡಿದ್ದೇ ಆ ಮನುಷ್ಯ ಎದ್ದು ನಿಂತ. ನನ್ನ ಮುಖ ನೋಡಿದ, ಆಮೇಲೆ ಪಾದ ನೋಡಿದ.

"ಅಲ್ರೀ ಅಕ್ಕಾರೆ... ನೀವು ಈಗ ಬಸ್ ಹತ್ತಿದ್ರಲ್ರೀ?"

"ನಾನಾ? ನನ್ನ ಬಿಟ್ಟೇ ಹೋದ್ರು."

"ಬಾಗಲದಾಗ ನಿಂತು ನಮ್ ಕಡೆ ಕೈ ಬೀಸಿದ್ರಿ..."

"ಅದನ್ನೆಲ್ಲ ಕೇಳಬ್ಯಾಡ, ಸುಮ್ನಿರು" ಎಂದು ಅವನ ಹೆಂಡತಿ ಮೆಲ್ಲಗೆ ಗದರಿದಳು. ಬೆಂಕಿಯ ಪಕ್ಕ ಕೂರಿಸಿ ನೀರು ಕೊಟ್ಟಳು. ಕತ್ತಲಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಂದೂ ಅರಚುತ್ತಿರಲಿಲ್ಲ.

ಅವನ ಫೋನು ಇಸಕೊಂಡೆ. ಗಿರಿಜಾಳ ನಂಬರು ನನಗೆ ಬಾಯಿಪಾಠವಿರಲಿಲ್ಲ, ನನ್ನದೇ ನಂಬರು ಒತ್ತಿದೆ. ಸೀಟಿನ ಮೇಲಿದೆಯಲ್ಲ, ಯಾರಾದರೂ ಎತ್ತುತ್ತಾರೆ ಎಂದುಕೊಂಡೆ. ಎತ್ತಿದರು. ಹಾಡಿನ ಗದ್ದಲದ ನಡುವೆ ಹೆಂಗಸಿನ ದನಿ.

"ಹಲೋ, ಯಾರು?"

"ನಾನ್ರೀ, ಸುನಂದಾ. ನನ್ನ ಹೊಳೆ ಹತ್ರ ಬಿಟ್ಟು ಹೋಗಿದ್ದೀರಿ. ಗಿರಿಜಾಗೆ ಕೊಡಿ."

ಆ ಕಡೆಯವರು ಸಣ್ಣಗೆ ನಕ್ಕರು.

"ಸುನಂದಾ ನಾನೇ ಅಲ್ವಾ?"

ಆಗ ಗೊತ್ತಾಯಿತು ಆ ದನಿ ಯಾರದೆಂದು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿದಾಗ ನನ್ನ ದನಿ ಹೀಗೆಯೇ ಇರುತ್ತದೆ... ತುಸು ಮೂಗಿನಿಂದ, ಕೊನೆಗೊಂದು 'ಅಲ್ವಾ'. ಹಿಂದಿನಿಂದ ಗಿರಿಜಾ ಕೇಳುತ್ತಿದ್ದಳು, "ಯಾರೇ ಅದು ಸುನಂದಾ?" "ಯಾರೋ ರಾಂಗ್ ನಂಬರ್" ಎಂದಿತು ನನ್ನ ದನಿ. ಫೋನು ಕಟ್ಟಾಯಿತು.

ಮತ್ತೆ ಮಾಡಿದೆ. ಸ್ವಿಚ್ ಆಫ್.

ಆ ಮನುಷ್ಯ ಬೈಕಿನಲ್ಲಿ ನನ್ನನ್ನು ಮನೆಗೆ ಬಿಟ್ಟ. ನಾನು ಮನೆಯ ದೀಪಗಳನ್ನೆಲ್ಲ ಹಾಕಿಕೊಂಡು, ಬಾಗಿಲು ಭದ್ರ ಮಾಡಿ ಕೂತೆ.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ಬಡಿದರು. ಗಿರಿಜಾ, ಹಿಂದೆ ಶೇಖರಣ್ಣ. ಅವಳು ಒಳಗೆ ಕಾಲಿಡಲಿಲ್ಲ. ನನ್ನ ಫೋನಿದ್ದ ಪರ್ಸನ್ನು ಹೊಸಿಲ ಮೇಲೆ ಎಸೆದಳು.

"ಯಾಕೆ ಹೇಳಿದೆ? ನಾನು ನಿಂಗೆ ಎಂತ ಮಾಡಿದ್ದೆ ಮಾರಾಯ್ತಿ?"

ನನಗೆ ಅರ್ಥವಾಗಲಿಲ್ಲ. ಶೇಖರಣ್ಣನೇ ಹೇಳಿದ. ಶಿರಾಳಕೊಪ್ಪ ದಾಟಿದ ಮೇಲೆ ನಾನು ಹಾಡು ನಿಲ್ಲಿಸಿ ಮೈಕು ತೆಗೆದುಕೊಂಡೆನಂತೆ. ನಗುನಗುತ್ತಲೇ, "ಸಿಂಚನಾ ಗಿರಿಜಾ ಹೆತ್ತ ಮಗಳಲ್ಲ, ದತ್ತು ತಂದಿದ್ದು, ನಿಮಗ್ಯಾರಿಗೂ ಗೊತ್ತಿಲ್ಲ ಅಲ್ವಾ?" ಎಂದೆನಂತೆ. ಅಷ್ಟೂ ಜನ ನೆಂಟರೆದುರು. ಆಮೇಲೆ ಸಿಂಚನಾಳ ಕಿವಿಯಲ್ಲಿ ಬಗ್ಗಿ ಏನೋ ಹೇಳಿ, ಬಸ್ಸು ನಿಲ್ಲಿಸಲು ಡ್ರೈವರಿಗೆ ಹೇಳಿ, ಕತ್ತಲಲ್ಲಿ ಇಳಿದು ಹೊಲದ ಕಡೆ ನಡೆದೆನಂತೆ. ಯಾರೂ ತಡೆಯಲಿಲ್ಲ.

"ನಾನು ಬಸ್ಸಲ್ಲೇ ಇರ್ಲಿಲ್ಲ ಗಿರಿಜಾ! ದೇವ್ರಾಣೆ..."

ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣೆದುರಿಗಿದೆ. ಅವರು ಹೋದ ಮೇಲೆ ಪರ್ಸು ಎತ್ತಿಕೊಂಡೆ. ಒದ್ದೆಯಾಗಿತ್ತು. ಹೊಳೆಯ ಜೇಡಿಮಣ್ಣಿನ ವಾಸನೆ...

ಮರುದಿನ ಬೆಳಿಗ್ಗೆ ಆ ಕುರಿಯವನನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಅವನು ನೇರವಾಗಿ ಹೇಳಿದ. "ಈ ಅಕ್ಕಾರು ನಮ್ ಹತ್ರನೇ ಇದ್ರು ರೀ. ನಾನೇ ಮನೀಗೆ ಬಿಟ್ಟೀನಿ." ನೆಂಟರ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೋ ತೋರಿಸಿದಳು. ಕೆಂಪು ನೀಲಿ ಬೆಳಕಿನಲ್ಲಿ ಮುಖ ಕಾಣುವುದಿಲ್ಲ. ದನಿ ಮಾತ್ರ ಸ್ಪಷ್ಟ. ನನ್ನದೇ.

ಶೇಖರಣ್ಣ ಬೆವರುತ್ತಾ, "ಹಂಗಾದ್ರೆ ಬಸ್ಸಲ್ಲಿ ಮಾತಾಡಿದ್ದು ಯಾರು?" ಎಂದ.

ಗಿರಿಜಾ ಬಹಳ ತಣ್ಣಗೆ ಹೇಳಿದಳು. "ಯಾರಾದ್ರೂ ಆಗ್ಲಿ. ನಾನು ಹೇಳಿದ್ದು ನಿನಗೊಬ್ಬಳಿಗೇ."

ಆ ವಾರವೇ ತನ್ನ ಮಿಷನ್ನು ಎತ್ತಿಸಿಕೊಂಡು ಹೋದಳು. ಅವಳಿಗೆ ನಾನು ಮೋಸ ಮಾಡಿದೆನೆಂದು ಊರೆಲ್ಲ ಹೇಳುತ್ತದೆ. ನನಗಾದ ಮೋಸವನ್ನು ಯಾರಿಗೆ ಹೇಳಲಿ? ಅಳತೆ ಕೊಡಲು ಬರುವ ಹೆಂಗಸರು ನನ್ನೆದುರು ಮನೆಯ ಸುದ್ದಿ ಎತ್ತುವುದನ್ನೇ ಬಿಟ್ಟರು. ನನ್ನ ಯಜಮಾನರು ಕೂಡ "ನೀನು ಹೇಳಿರಲಿಕ್ಕಿಲ್ಲ ಬಿಡು" ಎನ್ನುತ್ತಾರೆ. ಆ 'ಇರಲಿಕ್ಕಿಲ್ಲ' ಎಂಬ ಮಾತು ಉಳಿದೆಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಸಿಂಚನಾ ಅಂಗಡಿಗೆ ಬಂದಳು. ಬಾಗಿಲು ಅರ್ಧ ಎಳೆದು ಕೂತಳು.

"ಆಂಟಿ, ಅವತ್ತು ಕಿವಿಯಲ್ಲಿ ಒಂದು ಊರಿನ ಹೆಸರು ಹೇಳಿದ್ರಿ. ಒಬ್ಬರ ಹೆಸರೂ ಹೇಳಿದ್ರಿ."

ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು.

"ಹೋಗಿ ಬಂದೆ. ಅವರಿದ್ದಾರೆ. ನನ್ನ ನೋಡಿದ ಕೂಡ್ಲೇ ಗುರುತು ಹಿಡಿದ್ರು. ನನ್ನ ಥರಾನೇ ಗಲ್ಲ ಅವರದ್ದು."

"ಆ ಹೆಸರು ನಂಗೆ ಗೊತ್ತೇ ಇರ್ಲಿಲ್ಲ ಪುಟ್ಟಾ" ಎಂದೆ. "ನಿಮ್ಮಮ್ಮನಿಗೂ ಗೊತ್ತಿರ್ಲಿಲ್ಲ. ನಾನು ಹೇಗೆ ಹೇಳಲಿ? ನಿಮ್ಮಮ್ಮಂಗೆ ಇದೊಂದು ಮಾತು ಹೇಳು. ಅದು ನಾನಲ್ಲ ಅಂತ ಅವಳಿಗೆ ಗೊತ್ತಾಗುತ್ತೆ."

ಅವಳು ತಲೆ ತಗ್ಗಿಸಿದಳು. "ಬೇಡ ಆಂಟಿ. ನಾನು ಅವರನ್ನ ಹುಡುಕಿಕೊಂಡು ಹೋಗಿದ್ದೆ ಅಂತ ಗೊತ್ತಾದ್ರೆ ಅಮ್ಮ ಬದುಕಲ್ಲ. ನೀವೂ ಹೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೇಳಿದ್ದರೆ ನನ್ನ ಮೇಲಿನ ಅಪವಾದ ಅವತ್ತೇ ತೊಲಗುತ್ತಿತ್ತು. ಗಿರಿಜಾ ಮತ್ತೆ ಎದುರಿನ ಮಿಷನ್ನಿಗೆ ಬಂದು ಕೂರುತ್ತಿದ್ದಳೋ ಏನೋ. ಈಗಲೂ ಸಂತೆಯಲ್ಲಿ ಎದುರಾದರೆ ಅವಳು ರಸ್ತೆ ದಾಟಿ ಆಚೆ ಹೋಗುತ್ತಾಳೆ. ಕರೆಯಬೇಕೆಂದು ಬಾಯಿ ತೆರೆಯುತ್ತೇನೆ, ಮುಚ್ಚಿಕೊಳ್ಳುತ್ತೇನೆ. ಇಂಥ ಬರಹಗಳನ್ನು ಅವಳು ಓದುವುದಿಲ್ಲ, ಅದೇ ಧೈರ್ಯದಿಂದ ಇಷ್ಟು ಬರೆದೆ.

ಆ ಹುಡುಗಿಯ ಗುಟ್ಟು ನನ್ನಲ್ಲೇ ಇರುತ್ತದೆ. ನನ್ನ ಬಾಯಿ ಅದನ್ನು ಯಾವತ್ತೂ ಗಿರಿಜಾಳಿಗೆ ಹೇಳುವುದಿಲ್ಲ.

ಆದರೆ ನನ್ನ ದನಿಯ ಬಗ್ಗೆ ನನಗೆ ಆ ಭರವಸೆ ಇಲ್ಲ...